ತೋಟಕ್ಕೆ ಬಂದ ತಿಳಿನೀರು

ಗಿಡವು ತಿಳಿನೀರನ್ನೇ ಕುಡಿಯಬೇಕೆಂಬ ನಿಯಮವನ್ನು ಪ್ರಕೃತಿಯು ಎಲ್ಲಿಯೂ ವಿಧಿಸಿದಂತೆ ತೋರುವುದಿಲ್ಲ. ಮುಂಗಾರಿನ ಮೊದಲ ಪ್ರವಾಹವು ಕೆಮ್ಮಣ್ಣನ್ನು ಹೊತ್ತು ತಂದು ಗದ್ದೆಯ ಮೇಲೆ ಹರಡಿದಾಗ ನಮ್ಮ ರೈತನು ಅದನ್ನು ವರವೆಂದೇ ಬಗೆದನು. ಬೇಸಗೆಯಲ್ಲಿ ಬತ್ತಿದ ಕೆರೆಯ ತಳದಿಂದ ಗೋಡನ್ನು ಅಗೆದು, ಬಂಡಿಗಳಲ್ಲಿ ಹೇರಿ, ಹೊಲಕ್ಕೂ ತೋಟಕ್ಕೂ ಒಯ್ದು ಸುರಿಯುವುದು ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಬೇಸಾಯದ ಕ್ರಮಕ್ಕೇ ಸೇರಿದ ಕೆಲಸವಾಗಿದ್ದಿತು. ನೀರಿನೊಡನೆ ಬಂದ ಮಣ್ಣು, ಎಲೆಯ ಕೊಳೆ, ಪಾಚಿ, ಇವೆಲ್ಲವೂ ಬೇರಿಗೆ ಆಹಾರ. ಹೀಗಿರಲು, ಇಂದು ನಗರದ ಒಂದು ಸಾಧಾರಣ ಮನೆಯ ಹಿತ್ತಿಲಲ್ಲಿ ನಾಲ್ಕು ದಾಸವಾಳಕ್ಕೆ, ಎರಡು ನಿಂಬೆಗೆ, ಒಂದು ಸಾಲು ಬದನೆಗೆ ನೀರುಣಿಸುವ ಮುನ್ನ ಆ ನೀರನ್ನು ಕೂದಲೆಳೆಗಿಂತ ಕೊಂಚವೇ ಅಗಲವಾದ ಕಂಡಿಗಳುಳ್ಳ ಶೋಧಕವೊಂದರ ಮೂಲಕ ಹಾಯಿಸಬೇಕಾಗಿ ಬಂದಿರುವುದು ಕೃಷಿಯ ಚರಿತ್ರೆಯಲ್ಲಿ ಒಂದು ವಿಚಿತ್ರವಾದ ತಿರುವೇ ಸರಿ. ಮನುಷ್ಯನು ದೇವರ ಸಲುವಾಗಿ, ದೇಹದ ಸಲುವಾಗಿ, ಬಟ್ಟೆಯ ಬಿಳುಪಿನ ಸಲುವಾಗಿಯೂ ನೀರನ್ನು ಸೋಸುತ್ತ ಬಂದನು. ಗಿಡಕ್ಕೆ ನೀರನ್ನು ಕೊಂಡೊಯ್ಯುವ ಕೊಳವೆಯ ಸಲುವಾಗಿ ಸೋಸುವ ಈ ಅಧ್ಯಾಯವು ಆ ದೀರ್ಘ ಚರಿತ್ರೆಗೆ ಕಳೆದ ಶತಮಾನದ ಉತ್ತರಾರ್ಧದಲ್ಲಿ ಮಾತ್ರ ಬಂದು ಸೇರಿತು. ಹನಿ ನೀರಾವರಿಯನ್ನು ಕೊಂಡಾಡುವವರು ಹನಿಯನ್ನು ಕುರಿತೇ ಮಾತನಾಡುತ್ತಾರೆ. ಆ ಹನಿಯು ಹುಟ್ಟಿದುದು ಸೋಸುವ ವಿದ್ಯೆಯ ಆಶ್ರಯದಲ್ಲಿ ಎಂಬುದನ್ನು ತೋರಿಸುವುದಕ್ಕೆ ಅದರ ಪೂರ್ವವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಹನಿಹನಿಯಾಗಿ ನೀರೆರೆಯುವ ಕ್ರಮವು ನಮ್ಮವರಿಗೆ ಹೊಸದಾಗಿ ಬಂದುದಲ್ಲ. ವೈಶಾಖ ಮಾಸದ ಬಿಸಿಲು ಏರುತ್ತಿದ್ದಂತೆ ಶಿವಲಿಂಗದ ಮೇಲೂ ಅಂಗಳದ ತುಳಸಿಯ ಮೇಲೂ, ತಳದಲ್ಲಿ ಸಣ್ಣ ರಂಧ್ರವನ್ನು ಕೊರೆದ ಪಾತ್ರೆಯೊಂದನ್ನು ತೂಗುಹಾಕಿ, ಅದರಿಂದ ನೀರು ಎಡೆಬಿಡದೆ ತೊಟ್ಟಿಕ್ಕುವಂತೆ ಏರ್ಪಡಿಸುವುದು ಪುಣ್ಯಕರವೆಂದು ಧರ್ಮಶಾಸ್ತ್ರದ ನಿಬಂಧಗ್ರಂಥಗಳು ಹೇಳುತ್ತವೆ. ಗ್ರಂಥಗಳಲ್ಲಿ ಅದು ಗಲಂತಿಕೆ. ದೇವಾಲಯದ ಅರ್ಚಕರಿಗೆ ಧಾರಾಪಾತ್ರೆ. ಭಕ್ತಿಯ ದೃಷ್ಟಿಯನ್ನು ಒಂದು ಕ್ಷಣ ಬದಿಗಿರಿಸಿ ತೋಟಗಾರನ ಕಣ್ಣಿನಿಂದ ನೋಡಿದರೆ, ಗ್ರೀಷ್ಮದ ತಾಪದಲ್ಲಿ ಬಾಡುವ ಒಂದು ಗಿಡದ ಬುಡವನ್ನು ಅತ್ಯಲ್ಪ ನೀರಿನಿಂದ ದಿನವಿಡೀ ತೇವವಾಗಿರಿಸುವ ಉಪಾಯವು ಇದರಲ್ಲಿ ಪೂರ್ಣವಾಗಿಯೇ ಅಡಗಿದೆ. ಆ ರಂಧ್ರದಲ್ಲಿ ದರ್ಭೆಯ ಎಸಳನ್ನೋ ನೂಲಿನ ಬತ್ತಿಯನ್ನೋ ಸಿಕ್ಕಿಸುವ ವಾಡಿಕೆಯು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ. ಧಾರೆಯನ್ನು ತೊಟ್ಟಾಗಿ ಮಿತಗೊಳಿಸುವುದು ಅದರ ಮೊದಲ ಕೆಲಸ. ಪಾತ್ರೆಯ ತಳದಲ್ಲಿ ಕೂತ ಕಸರು ನೇರವಾಗಿ ರಂಧ್ರಕ್ಕೆ ಬಂದು ಮೆಟ್ಟಿಕೊಳ್ಳದಂತೆ ತಡೆಯುವುದು ಎರಡನೆಯದು. ತೊಟ್ಟು ನಿಂತುಹೋದರೆ ಅರ್ಚಕನು ದರ್ಭೆಯನ್ನು ಎಳೆದು, ತೊಳೆದು, ಮತ್ತೆ ಸಿಕ್ಕಿಸುತ್ತಾನೆ. ಒಂದೇ ರಂಧ್ರ, ಅದರ ಮೇಲೆ ಸದಾ ನೆಟ್ಟಿರುವ ಒಂದು ಜೊತೆ ಕಣ್ಣು: ಇಷ್ಟಿರುವಾಗ ಬೇರೊಂದು ಶೋಧಕದ ಅಗತ್ಯವೇ ಇರಲಿಲ್ಲ.

ಚೀನ ದೇಶದಲ್ಲಿ ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಫಾನ್ ಷೆಂಗ್‌ಝಿಯ ಕೃಷಿಗ್ರಂಥವು ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂಳಿ, ನೀರು ತುಂಬಿ, ಸುತ್ತಲೂ ಬಳ್ಳಿಯ ಬೀಜಗಳನ್ನು ಬಿತ್ತುವ ವಿಧಾನವನ್ನು ವರ್ಣಿಸುತ್ತದೆ. ಇಲ್ಲಿ ರಂಧ್ರವೇ ಇಲ್ಲ. ಸುಟ್ಟ ಮಣ್ಣಿನ ಗೋಡೆಯೇ ಜಿನುಗುತ್ತದೆ, ಆ ಗೋಡೆಯೇ ಸೋಸುತ್ತದೆ. ನೀರಿನಲ್ಲಿ ಕರಗಿದ ಲವಣವೂ ನುಣ್ಣನೆಯ ಕೆಸರೂ ಆ ಗೋಡೆಯ ಸೂಕ್ಷ್ಮರಂಧ್ರಗಳನ್ನು ಕ್ರಮೇಣ ತುಂಬುವುದರಿಂದ ಮಡಕೆಯು ಹಳೆಯದಾದಂತೆ ಜಿನುಗುವುದು ಕುಂದುತ್ತದೆ. ಆಗ ಅದನ್ನು ಒಡೆದು ಬೇರೊಂದನ್ನು ಹೂಳುತ್ತಾರೆ. ಮೇಘಾಲಯದ ಜೈಂತಿಯಾ ಮತ್ತು ಖಾಸಿ ಬೆಟ್ಟಗಳಲ್ಲಿ ವೀಳ್ಯದ ಬಳ್ಳಿಗೆ ನೀರೊದಗಿಸುವ ಬಿದಿರಿನ ಏರ್ಪಾಡು ಇದಕ್ಕಿಂತಲೂ ಚತುರವಾದುದು: ಬೆಟ್ಟದ ಒರತೆಯಿಂದ ನಿಮಿಷಕ್ಕೆ ಸುಮಾರು ೧೮ರಿಂದ ೨೦ ಲೀಟರು ನೀರು ಬಿದಿರಿನ ದೋಣಿಗಳನ್ನು ಪ್ರವೇಶಿಸಿ, ಕವಲೊಡೆದು, ಕವಲಿನಲ್ಲಿ ಮತ್ತೆ ಕವಲೊಡೆದು, ಕೊನೆಗೆ ಬಳ್ಳಿಯ ಬುಡದಲ್ಲಿ ನಿಮಿಷಕ್ಕೆ ೨೦ರಿಂದ ೮೦ ಹನಿಗಳಾಗಿ ಇಳಿಯುತ್ತದೆ. ಅಲ್ಲಿಯೂ ಸೋಸುವ ತೊಡಕಿಲ್ಲ. ಒರತೆಯ ನೀರು ಸ್ವಭಾವತಃ ನಿರ್ಮಲ; ಬಿದಿರಿನ ದೋಣಿ ಮೇಲ್ಗಡೆ ತೆರೆದಿರುವುದರಿಂದ ಬಿದ್ದ ಎಲೆಯನ್ನು ಕೈಯಿಂದಲೇ ತೆಗೆಯಬಹುದು. ನಮ್ಮ ದಕ್ಷಿಣ ಕನ್ನಡ, ಕಾಸರಗೋಡುಗಳ ಕೃಷಿಕರು ಗುಡ್ಡವನ್ನು ಅಡ್ಡಲಾಗಿ ಕೊರೆದ ಸುರಂಗಗಳಿಂದ ಅಡಕೆಯ ದಂಬೆಯ ಮೂಲಕ ನೀರನ್ನು ತೋಟದ ತೊಟ್ಟಿಗೆ ಇಳಿಸಿಕೊಂಡುದೂ ಇದೇ ಭರವಸೆಯ ಮೇಲೆ. ನೀರು ಬೆಳಕಿನಲ್ಲಿ ಹರಿಯುವಷ್ಟು ಕಾಲವೂ ಕಸವು ಮನುಷ್ಯನ ಕಣ್ಣಿಗೆ ಬೀಳುತ್ತಿತ್ತು. ಅದು ಕೊಳವೆಯೊಳಗೆ ಮರೆಯಾದ ದಿನದಿಂದ ತೋಟಗಾರನ ಕಷ್ಟ ಆರಂಭವಾಯಿತೆನ್ನಬೇಕು.

ಇತ್ತ, ಕುಡಿಯುವ ನೀರನ್ನು ತಿಳಿಗೊಳಿಸುವ ವಿದ್ಯೆಯು ಬೇರೊಂದು ದಾರಿಯಲ್ಲಿ ಬೆಳೆಯುತ್ತಲಿದ್ದಿತು. ಸುಶ್ರುತಸಂಹಿತೆಯ ಸೂತ್ರಸ್ಥಾನದ ೪೫ನೆಯ ಅಧ್ಯಾಯವು ಕಲುಷಿತವಾದ ನೀರನ್ನು ಪ್ರಸನ್ನಗೊಳಿಸುವ ಏಳು ಸಾಧನಗಳನ್ನು ಎಣಿಸುತ್ತದೆ. ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ವಸ್ತ್ರ, ಮುತ್ತು, ಮಣಿ ಎಂಬುವೇ ಅವು. ಇವುಗಳಲ್ಲಿ ಕತಕವನ್ನು ಕನ್ನಡಿಗರು ಚಿಲ್ಲದ ಬೀಜವೆಂದು ಬಲ್ಲರು. ಅದನ್ನು ಮಡಕೆಯ ಒಳಮೈಗೆ ಉಜ್ಜಿ, ಕದಡಿದ ನೀರನ್ನು ತುಂಬಿ ಅಲುಗಾಡದಂತೆ ಇಟ್ಟರೆ, ಬೀಜದ ಸತ್ತ್ವವು ನೀರಿನಲ್ಲಿ ತೇಲುವ ಮಣ್ಣಿನ ಅಣುಗಳನ್ನು ಒಂದಕ್ಕೊಂದು ಅಂಟಿಸಿ ಭಾರಗೊಳಿಸುವುದರಿಂದ ಅವು ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ, ಬಾವಿಯ ನೀರು ಕೆಟ್ಟರೆ ಅಂಜನ, ಮುಸ್ತ, ಉಶೀರ, ರಾಜಕೋಶಾತಕ, ಆಮಲಕಗಳ ಚೂರ್ಣವನ್ನು ಕತಕದೊಡನೆ ಕೂಡಿಸಿ ಹಾಕುವಂತೆ ಹೇಳಿದ್ದಾನೆ. ವೈದ್ಯಕ್ಕೂ ಜಲಶಾಸ್ತ್ರಕ್ಕೂ ಸಂಬಂಧವಿಲ್ಲದ ಮನುಸ್ಮೃತಿಯು ಸಹ, ಆಚರಣೆಯಿಲ್ಲದ ಬಾಹ್ಯಚಿಹ್ನೆಗಳು ನಿಷ್ಫಲವೆಂಬುದನ್ನು ತಿಳಿಸುವಾಗ ಇದೇ ಫಲವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳುತ್ತದೆಂದ ಮೇಲೆ, ಅದರ ಗುಣವು ಆ ಕಾಲದ ಸಾಮಾನ್ಯ ಜನರಿಗೂ ಎಷ್ಟರಮಟ್ಟಿಗೆ ಪರಿಚಿತವಾಗಿದ್ದಿರಬೇಕೆಂಬುದನ್ನು ಊಹಿಸಬಹುದು.

ಸುಶ್ರುತನ ಪಟ್ಟಿಯಲ್ಲಿ ಬರುವ ವಸ್ತ್ರವಾದರೋ, ಜೈನರ ಗೃಹಸ್ಥಾಚಾರದಲ್ಲಿ ಧರ್ಮದ ಅಂಗವೇ ಆಯಿತು. ಶ್ರವಣಬೆಳಗೊಳದಿಂದ ಮೂಡುಬಿದಿರೆಯವರೆಗೆ ಆ ಮತವು ಶತಮಾನಗಳ ಕಾಲ ಬೇರೂರಿದ್ದ ನಮ್ಮ ನಾಡಿನಲ್ಲಿ, ದಪ್ಪ ಬಟ್ಟೆಯನ್ನು ಇಮ್ಮಡಿಯಾಗಿ ಮಡಿಚಿ ಕೊಡದ ಬಾಯಿಗೆ ಹಾಸಿ ನೀರನ್ನು ಸೋಸಿಕೊಳ್ಳದೆ ಶ್ರಾವಕರ ಮನೆಯಲ್ಲಿ ಅಡುಗೆಯಾಗಲಿ ಪಾನವಾಗಲಿ ನಡೆಯುತ್ತಿರಲಿಲ್ಲ. ಹಾಗೆ ಸೋಸಿದ ನೀರಿಗೂ ಒಂದು ಮುಹೂರ್ತದ, ಎಂದರೆ ೪೮ ನಿಮಿಷಗಳ ಅವಧಿಯನ್ನು ಶಾಸ್ತ್ರವು ಗೊತ್ತುಮಾಡಿದೆ. ಅದು ಮೀರಿದರೆ ಮತ್ತೆ ಸೋಸಬೇಕು. ನನ್ನ ಮನಸ್ಸನ್ನು ಬಹುವಾಗಿ ಸೆಳೆದಿರುವ ಸಂಗತಿಯೆಂದರೆ ಆಮೇಲಿನ ವಿಧಿ. ಬಟ್ಟೆಯ ಮೇಲೆ ಉಳಿದ ಸೂಕ್ಷ್ಮಜೀವಗಳು ಒಣಗಿ ಸಾಯದಂತೆ, ಆ ಬಟ್ಟೆಯ ಮೇಲ್ಮೈಯನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ತೊಳೆದ ನೀರನ್ನು ಯಾವ ಬಾವಿಯಿಂದ ತಂದಿದ್ದರೋ ಅದೇ ಬಾವಿಗೆ ಇಳಿಸುತ್ತಿದ್ದರು. ಇದರ ಪ್ರೇರಣೆ ಅಹಿಂಸೆ. ಆದರೆ ಯಂತ್ರಶಾಸ್ತ್ರಜ್ಞನು ಇದರಲ್ಲಿ ತನ್ನ ವಿದ್ಯೆಯ ಅತಿಮುಖ್ಯವಾದ ಸೂತ್ರವೊಂದನ್ನು ಗುರುತಿಸದೆ ಇರಲಾರನು. ಶೋಧಕವು ತಡೆದುದು ಎಲ್ಲಿಗೂ ಹೋಗುವುದಿಲ್ಲ, ಅದರ ಮೇಲೆಯೇ ಕೂತಿರುತ್ತದೆ. ಅದನ್ನು ಶುದ್ಧವಾದ ಕಡೆಯ ನೀರಿನಿಂದ ತೊಳೆದು ತೆಗೆದು ಯೋಗ್ಯವಾದ ಸ್ಥಳಕ್ಕೆ ಸೇರಿಸಿದ ಹೊರತು ಸೋಸುವ ಕೆಲಸ ಮುಗಿಯಿತೆನ್ನುವಂತಿಲ್ಲ.

ನೀರನ್ನು ಕೊಳವೆಯೊಳಗೆ ಹಾಯಿಸಿದವರಿಗೆ ಒದಗುವ ಸಂಕಟವನ್ನು ಕರ್ನಾಟಕದ ಮಟ್ಟಿಗೆ ನಾವು ಕಣ್ಣಾರೆ ನೋಡಬಹುದಾದ ಸ್ಥಳ ವಿಜಯಪುರ. ಆದಿಲಶಾಹಿ ಅರಸರ ಆ ರಾಜಧಾನಿಗೆ ತೊರವಿಯ ಕಡೆಯಿಂದಲೂ, ಮುಹಮ್ಮದ್ ಆದಿಲಶಾಹನ ಕಾಲದಲ್ಲಿ ೧೬೫೧ರಲ್ಲಿ ನಿರ್ಮಿತವಾದ ಬೇಗಂ ತಲಾಬಿನಿಂದಲೂ ನೆಲದಡಿಯ ಮಾರ್ಗವಾಗಿ ನೀರು ಬರುತ್ತಿದ್ದಿತು. ಗಾರೆಯಲ್ಲಿ ಹುದುಗಿಸಿದ ಸುಟ್ಟ ಮಣ್ಣಿನ ಕೊಳವೆಗಳು ಅದನ್ನು ಅರಮನೆ, ಮಸೀದಿ, ಉದ್ಯಾನಗಳಿಗೆ ಹಂಚುತ್ತಿದ್ದುವು. ಈ ಮಾರ್ಗದುದ್ದಕ್ಕೂ ಅಲ್ಲಲ್ಲಿ ೨೫ರಿಂದ ೪೦ ಅಡಿಗಳವರೆಗೆ ಎತ್ತರವಾದ ಕಲ್ಲಿನ ಗೋಪುರಗಳು ನಿಂತಿವೆ. ಜನರು ಅವನ್ನು ಗಂಜ್ ಎನ್ನುತ್ತಾರೆ. ನೀರು ಗೋಪುರದೊಳಕ್ಕೆ ಏರಿ, ಅಲ್ಲಿ ತನ್ನ ಒತ್ತಡವನ್ನು ಕಳೆದುಕೊಂಡು, ಮತ್ತೊಂದು ಬದಿಯಿಂದ ಇಳಿದು ಮುಂದಕ್ಕೆ ಹೋಗುತ್ತಿದ್ದುದರಿಂದ ಮಣ್ಣಿನ ಕೊಳವೆಗಳು ಸಿಡಿಯದೆ ಉಳಿದುವು. ಅಷ್ಟೇ ಅಲ್ಲದೆ, ಆ ಕ್ಷಣಿಕವಾದ ವಿಶ್ರಾಂತಿಯಲ್ಲಿ ನೀರು ಹೊತ್ತು ತಂದ ಹೂಳು ಗೋಪುರದ ತಳದಲ್ಲಿ ನಿಂತು, ಆಳುಗಳು ಅದನ್ನು ತೆಗೆದುಹಾಕಲು ಅನುಕೂಲವಾಗುತ್ತಿದ್ದಿತು. ಕಣ್ಣಿಗೆ ಕಾಣದ ಕೊಳವೆಯನ್ನು ಕಾಪಾಡುವುದಕ್ಕೆಂದೇ ನೀರನ್ನು ತಿಳಿಗೊಳಿಸಿದ ನಿದರ್ಶನವು ನಮ್ಮ ನಾಡಿನಲ್ಲಿ ಹೀಗೆ ಸುಮಾರು ಮೂರೂವರೆ ಶತಮಾನಗಳಷ್ಟು ಹಳೆಯದು. ಗೋಲಗುಮ್ಮಟವನ್ನು ನೋಡಲು ಬರುವ ಸಹಸ್ರಾರು ಜನರಲ್ಲಿ ಈ ಗೋಪುರಗಳ ಮುಂದೆ ನಿಲ್ಲುವವರು ವಿರಳವಾಗಿರುವುದು ಖೇದಕರವಾದ ಸಂಗತಿ.

ಮರಳಿನ ಶೋಧಕವು ಯೂರೋಪಿನಲ್ಲಿ ರೂಪುಗೊಂಡ ಕಥೆಯು ಸ್ಕಾಟ್ಲೆಂಡಿನ ಪೇಸ್ಲಿ ಎಂಬ ನೇಕಾರರ ಊರಿನಿಂದ ಪ್ರಾರಂಭವಾಗುತ್ತದೆ. ಅಲ್ಲಿ ಜಾನ್ ಗಿಬ್ ಎಂಬಾತನು ತನ್ನ ಬಟ್ಟೆ ಬಿಳುಪಿಸುವ ಕಾರ್ಖಾನೆಗೆ ನಿರ್ಮಲವಾದ ನೀರು ಬೇಕೆಂದು ೧೮೦೪ರಲ್ಲಿ ಜಲ್ಲಿ ಮತ್ತು ಮರಳಿನ ಪಾತಳಿಗಳನ್ನು ರಚಿಸಿ ನೀರನ್ನು ಅವುಗಳ ಮೂಲಕ ಹಾಯಿಸಿದನು. ತನ್ನ ಅಗತ್ಯವನ್ನು ಮೀರಿ ಉಳಿದ ನೀರನ್ನು ಬಂಡಿಗಳಲ್ಲಿ ಊರವರಿಗೆ ಮಾರಿಸಿದನು. ೧೮೨೭ರಲ್ಲಿ ಗ್ರೀನಕ್ ಪಟ್ಟಣದಲ್ಲಿ ರಾಬರ್ಟ್ ಥಾಮ್ ಎಂಬ ಎಂಜಿನಿಯರನು, ನೀರನ್ನು ತಳದಿಂದ ಮೇಲಕ್ಕೆ ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯುವ ಏರ್ಪಾಡನ್ನು ಕಟ್ಟಿದನು. ೧೮೨೯ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸೀ ಜಲಕಂಪೆನಿಗಾಗಿ ನಿರ್ಮಿಸಿದ ಮಂದಗತಿಯ ಮರಳು ಶೋಧಕವು ಜಗತ್ತಿನ ನಗರಗಳಿಗೆಲ್ಲ ಮಾದರಿಯಾಯಿತು. ೧೮೫೨ರ ಶಾಸನವು ಲಂಡನ್ನಿನ ಮನೆಗಳಿಗೆ ಒದಗಿಸುವ ನದಿಯ ನೀರನ್ನು ಸೋಸಲೇಬೇಕೆಂದು ಕಡ್ಡಾಯ ಮಾಡಿತು. ಸೋಸುವುದರಿಂದ ಪ್ರಾಣವೇ ಉಳಿಯುವುದೆಂಬುದು ನಿಸ್ಸಂದೇಹವಾಗಿ ಸಿದ್ಧವಾದುದು ೧೮೯೨ರಲ್ಲಿ. ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗಿನಲ್ಲಿ ಕಾಲರಾ ೮,೬೦೦ಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡರೆ, ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿದ ಪಕ್ಕದ ಆಲ್ಟೋನಾ ಪಟ್ಟಣವು ಬಹುಮಟ್ಟಿಗೆ ಪಾರಾಯಿತು.

ಮಂದಗತಿಯ ಶೋಧಕದಲ್ಲಿ ಮರಳಿಗಿಂತಲೂ ಹೆಚ್ಚಿನ ಕೆಲಸ ಮಾಡುವುದು ಮರಳಿನ ಮೇಲೆ ಕೆಲವು ದಿನಗಳಲ್ಲಿ ತಾನಾಗಿ ಮೂಡುವ ಲೋಳೆಯ ಪೊರೆ. ಬ್ಯಾಕ್ಟೀರಿಯಗಳು, ಪಾಚಿ, ಅತಿಸೂಕ್ಷ್ಮ ಪ್ರಾಣಿಗಳು ಕೂಡಿ ಬಾಳುವ ಆ ಪೊರೆಯೇ ರೋಗಾಣುಗಳನ್ನು ಹಿಡಿದು ತಿನ್ನುತ್ತದೆ. ನಗರವನ್ನು ಕಾಯುವ ಈ ಲೋಳೆಯೇ, ಮುಂದೆ ಹನಿ ನೀರಾವರಿಯ ಕೊಳವೆಯೊಳಗೆ ಬೆಳೆದಾಗ, ತೋಟಗಾರನ ಪ್ರಬಲ ಶತ್ರುವಾಗಿ ಪರಿಣಮಿಸಿತು.

ನಮ್ಮ ಬೆಂಗಳೂರಿಗೆ ಸೋಸಿದ ನೀರಿನ ಕಾಲವು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಬಂದಿತು. ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳನ್ನೂ ಮನೆಮನೆಯ ಬಾವಿಗಳನ್ನೂ ನೆಚ್ಚಿದ್ದ ಊರಿಗೆ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನೀರು ತರುವ ಚಾಮರಾಜೇಂದ್ರ ಜಲಾಶಯದ ಯೋಜನೆಯು ೧೮೯೪ರಲ್ಲಿ ಕೈಗೂಡಹತ್ತಿ ೧೮೯೬ರಲ್ಲಿ ನೀರು ಹರಿಯಿತು. ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ ಎಂಬ ಹೆಸರನ್ನು ಹಿರಿಯರು ಇಂದಿಗೂ ಹೇಳುವುದುಂಟು. ಷಿಕಾಗೋ ನಗರದ ಜ್ಯುವೆಲ್ ಮನೆತನದವರು ಪ್ರಚಾರಕ್ಕೆ ತಂದ ಶೀಘ್ರಗತಿಯ ಶೋಧಕ ಅದು. ಚಿಲ್ಲದ ಬೀಜದ ಸ್ಥಾನದಲ್ಲಿ ಪಟಿಕ, ಮಡಕೆಯ ಸ್ಥಾನದಲ್ಲಿ ತೊಟ್ಟಿ, ಮಡಿಚಿದ ವಸ್ತ್ರದ ಸ್ಥಾನದಲ್ಲಿ ಮರಳು, ಮತ್ತು ಆ ಮರಳನ್ನು ಹಿಮ್ಮುಖವಾದ ನೀರಿನಿಂದ ಕಾಲಕಾಲಕ್ಕೆ ತೊಳೆಯುವ ಯುಕ್ತಿ, ಇಷ್ಟೂ ಅದರಲ್ಲಿ ಏಕತ್ರ ಸೇರಿದ್ದುವು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಒದಗಿತು. ನಲ್ಲಿಯ ನೀರು ಬಂದ ಬಡಾವಣೆಗಳ ಬಂಗಲೆಗಳಲ್ಲಿ ಗುಲಾಬಿಯೂ ಕ್ರೋಟನ್ನೂ ರಬ್ಬರಿನ ಹೋಸಿನಿಂದ ಧಾರಾಳವಾಗಿ ನೆನೆಯುತ್ತಿದ್ದುವು. ಕುಡಿಯಲೆಂದು ಅಷ್ಟು ಶ್ರಮದಿಂದ ಸೋಸಿದ ನೀರು ಹಾಗೆ ಮಣ್ಣುಪಾಲಾಗುವುದನ್ನು ಕುರಿತು ಆ ಕಾಲದಲ್ಲಿ ಯಾರೂ ಚಿಂತಿಸಿದಂತೆ ಕಾಣುವುದಿಲ್ಲ.

ನೀರನ್ನು ಬೇರಿನ ಬಳಿಗೇ ಕೊಳವೆಯಲ್ಲಿ ಒಯ್ಯುವ ಯತ್ನಗಳು ಅಷ್ಟರಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆದು ಸೋತಿದ್ದುವು. ಜರ್ಮನಿಯಲ್ಲಿ ೧೮೬೦ರ ಸುಮಾರಿಗೆ ಮಣ್ಣಿನ ಕೊಳವೆಗಳನ್ನು ಹೊಲದಡಿಯಲ್ಲಿ ಹೂಳಿ ನೋಡಿದರು. ಅಮೆರಿಕದ ಕೊಲರಾಡೋದಲ್ಲಿ ಇ. ಬಿ. ಹೌಸ್ ಎಂಬಾತನು ೧೯೧೩ರಲ್ಲಿ ಇಂಥದೇ ಪ್ರಯೋಗವನ್ನು ಮಾಡಿ, ಅದು ವೆಚ್ಚಕ್ಕೆ ತಕ್ಕುದಲ್ಲವೆಂದು ತೀರ್ಮಾನಿಸಿದನು. ಯಶಸ್ಸು ದೊರೆತುದು ಸಿಮ್ಹಾ ಬ್ಲಾಸ್ ಎಂಬ ಯಹೂದಿ ಎಂಜಿನಿಯರನಿಗೆ. ೧೮೯೭ರಲ್ಲಿ ಪೋಲೆಂಡಿನಲ್ಲಿ ಜನಿಸಿ ಪ್ಯಾಲೆಸ್ತೀನಿಗೆ ಬಂದು ನೆಲಸಿ, ಅಲ್ಲಿಯ ಜಲಯೋಜನೆಗಳಲ್ಲಿ ಪ್ರಮುಖನಾಗಿದ್ದ ಈತನು, ೧೯೩೦ರ ದಶಕದ ಆದಿಯಲ್ಲಿ ಯಾರೂ ನೀರೆರೆಯದೆಯೇ ನೆರೆಯ ಮರಗಳಿಗಿಂತ ಬಹಳ ದೊಡ್ಡದಾಗಿ ಬೆಳೆದಿದ್ದ ಮರವೊಂದನ್ನು ಕಂಡು, ಅದರ ಬುಡದಲ್ಲಿ ಅಗೆಯಿಸಿ ನೋಡಲಾಗಿ, ಕೊಳವೆಯ ಬೆಸುಗೆಯೊಂದರಿಂದ ಸೋರುವ ಹನಿಗಳು ನೆಲದೊಳಗೆ ಒಂದು ಒದ್ದೆಯ ವಲಯವನ್ನು ರಚಿಸಿದ್ದುದನ್ನು ಗಮನಿಸಿದನು. ಆ ಭಾವನೆಯು ಆತನ ಮನಸ್ಸಿನಲ್ಲಿ ಸುಮಾರು ಕಾಲು ಶತಮಾನ ಸುಪ್ತವಾಗಿದ್ದು, ಆತನು ಸರಕಾರಿ ಕೆಲಸವನ್ನು ಬಿಟ್ಟ ಮೇಲೆ, ಅಗ್ಗವಾದ ಪ್ಲಾಸ್ಟಿಕ್ ಕೊಳವೆಗಳು ದೊರಕತೊಡಗಿದ ಕಾಲದಲ್ಲಿ ಜಾಗೃತವಾಯಿತು.

ಆತನ ಮುಂದಿದ್ದ ತೊಡಕು ಧಾರಾಪಾತ್ರೆಯ ತೊಡಕೇ, ಸಾವಿರ ಪಾಲಾಗಿ ವೃದ್ಧಿಸಿದುದು. ಹತ್ತು ಮೀಟರು ಎತ್ತರದಿಂದ ಬರುವ ನೀರನ್ನು ಬರಿಯ ರಂಧ್ರದಿಂದ ಗಂಟೆಗೆ ನಾಲ್ಕೇ ಲೀಟರಿನಂತೆ ಬಿಡಬೇಕಾದರೆ ಆ ರಂಧ್ರವು ಅರ್ಧ ಮಿಲಿಮೀಟರಿಗಿಂತಲೂ ಕಿರಿದಾಗಿರಬೇಕು. ಅಷ್ಟು ಕಿರಿದಾದ ರಂಧ್ರವು ಮೊದಲ ಮರಳಿನ ಕಣಕ್ಕೇ ಮುಚ್ಚಿಹೋಗುತ್ತದೆ. ಬ್ಲಾಸ್ ಮತ್ತು ಆತನ ಮಗ ಯೆಶಯಾಹು ಇಬ್ಬರೂ ಇದಕ್ಕೆ ಕಂಡುಕೊಂಡ ಪರಿಹಾರ ಸುರುಳಿಯ ದಾರಿ. ನೀರನ್ನು ಉದ್ದವಾದ, ಆದರೆ ಅಗಲವಾದ ಸುರುಳಿಯೊಳಗೆ ಸುತ್ತಾಡಿಸಿದರೆ ಅದರ ವೇಗವು ಘರ್ಷಣೆಯಿಂದ ಕುಗ್ಗುತ್ತದೆ, ದಾರಿಯು ಕಣಗಳಿಗೆ ಸಾಕಷ್ಟು ವಿಶಾಲವಾಗಿಯೂ ಉಳಿಯುತ್ತದೆ. ೧೯೬೫ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಹಾತ್ಸೆರಿಂ ಕಿಬ್ಬುತ್ಸವೆಂಬ ಸಾಮೂಹಿಕ ಕೃಷಿಗ್ರಾಮದೊಡನೆ ಒಪ್ಪಂದವಾಗಿ ನೆಟಾಫಿಂ ಸಂಸ್ಥೆ ಹುಟ್ಟಿತು. ಮರುವರ್ಷವೇ ಡ್ರಿಪ್ಪರುಗಳ, ಎಂದರೆ ಹನಿಯನ್ನು ಹೊರಬಿಡುವ ಈ ಸುರುಳಿಗಳ, ತಯಾರಿಕೆ ಮೊದಲಾಯಿತು. ಪ್ರಾರಂಭದ ಪ್ರಯೋಗಗಳಲ್ಲಿ ಕೊಳವೆಗಳನ್ನು ನೆಲದಡಿಯಲ್ಲಿ ಹೂಳಿದ್ದರು. ಬೇರುಗಳು ನೀರನ್ನು ಅರಸಿ ಡ್ರಿಪ್ಪರಿನೊಳಗೇ ನುಗ್ಗಿದುವು, ಮಣ್ಣು ಹಿಂದಕ್ಕೆ ಹೀರಲ್ಪಟ್ಟಿತು, ಹನಿಗಳು ನಿಂತುಹೋದುವು. ಕೊಳವೆಯನ್ನು ಮೇಲಕ್ಕೆತ್ತಿ ನೆಲದ ಮೇಲೆ ಹಾಸಿದ ಬಳಿಕವೇ ಪ್ರಯೋಗಕಾರರಿಗೆ ಹನಿ ಕಾಣುವಂತಾಯಿತು.

ಆದರೂ ಸುರುಳಿಯೊಂದರಿಂದಲೇ ಕಾರ್ಯ ಕೈಗೂಡಲಿಲ್ಲ. ಅದೇ ಇಸ್ರೇಲಿನ ಅಮಿಯಾದ್ ಕಿಬ್ಬುತ್ಸವು ೧೯೬೨ರಲ್ಲಿಯೇ ನೀರಿನ ಶೋಧಕಗಳ ಉದ್ಯಮವನ್ನು ಆರಂಭಿಸಿದ್ದಿತು. ಯೋರ್ದಾನ್ ಕಣಿವೆಯ ಬೇತ್ ಝೇರಾ ಕಿಬ್ಬುತ್ಸದ ಅರ್ಕಾಲ್ ಕಾರ್ಖಾನೆಯು ಗೀರುಗಳುಳ್ಳ ಪ್ಲಾಸ್ಟಿಕ್ ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ಜೋಡಿಸಿದ ಡಿಸ್ಕ್ ಫಿಲ್ಟರಿಗೆ ಹೆಸರಾಯಿತು. ಗೀರು ಗೀರನ್ನು ಅಡ್ಡಹಾಯುವಲ್ಲಿ ಉಂಟಾಗುವ ಅಸಂಖ್ಯ ಸಂದುಗಳಲ್ಲಿ ಕಸವು ಸಿಕ್ಕಿಕೊಳ್ಳುತ್ತದೆ. ಬಿಗಿಯನ್ನು ಸಡಿಲಿಸಿ ಬಿಲ್ಲೆಗಳನ್ನು ಬಿಡಿಸಿದರೆ ಅಷ್ಟೂ ತೊಳೆದುಹೋಗುತ್ತದೆ. ಹರಿವನ್ನು ಸುಳಿಯಾಗಿ ತಿರುಗಿಸಿ ಭಾರವಾದ ಮರಳನ್ನು ಬದಿಗೆ ಎಸೆದು ತಳಕ್ಕೆ ಇಳಿಸುವ ಹೈಡ್ರೋಸೈಕ್ಲೋನ್ ಎಂಬ ಶಂಕುವಿನಾಕಾರದ ಯಂತ್ರವಂತೂ ಅಮೆರಿಕದಲ್ಲಿ ೧೮೯೧ರಲ್ಲಿಯೇ ಪೇಟೆಂಟ್ ಪಡೆದಿದ್ದುದು. ಕೊಳವೆಬಾವಿಗಳು ಮರಳನ್ನು ಉಗುಳತೊಡಗಿದಾಗ ಕೃಷಿಕನಿಗೆ ಅದರ ಬೆಲೆ ತಿಳಿಯಿತು. ಕೆರೆಯ ಪಾಚಿಗೆ ಮಾತ್ರ ನಗರಗಳಿಂದ ಬಂದ ಮರಳಿನ ತೊಟ್ಟಿಗೆ ಸಮಾನವಾದುದು ಬೇರೊಂದಿಲ್ಲ. ಪಾಚಿಯ ಎಳೆಯು ಬಾಗಿ, ಮಡಿಚಿಕೊಂಡು, ಜಾಲರಿಯ ಕಂಡಿಯಲ್ಲಿ ನುಸುಳಿಬಿಡಬಲ್ಲುದು. ಮರಳಿನ ಆಳದಲ್ಲಿ ಅದಕ್ಕೆ ದಾರಿ ಸಿಗುವುದಿಲ್ಲ.

ಎಷ್ಟು ಸೂಕ್ಷ್ಮವಾಗಿ ಸೋಸಬೇಕೆಂಬ ಪ್ರಶ್ನೆಗೆ ಅನುಭವವು ಕಂಡುಕೊಂಡ ಉತ್ತರ, ಡ್ರಿಪ್ಪರಿನ ದಾರಿಯ ಏಳನೆಯ ಒಂದರಿಂದ ಹತ್ತನೆಯ ಒಂದು ಪಾಲಿನಷ್ಟು. ದಾರಿಗಿಂತ ತುಸುವೇ ಕಿರಿದಾದ ಕಣವು ಸರಾಗವಾಗಿ ಹೊರಟುಹೋಗದೇಕೆ ಎಂದು ಯಾರಾದರೂ ಕೇಳಬಹುದು. ಒಂಟಿಯಾಗಿ ಬಂದರೆ ಹೋಗುತ್ತದೆ. ಮೂರು ನಾಲ್ಕು ಕಣಗಳು ಏಕಕಾಲದಲ್ಲಿ ಬಾಯಿಗೆ ಬಂದು ಒಂದಕ್ಕೊಂದು ಆನಿಕೊಂಡರೆ ಕಮಾನಾಗಿ ನಿಂತುಬಿಡುತ್ತವೆ. ಆದುದರಿಂದಲೇ ಸುಮಾರು ಒಂದು ಮಿಲಿಮೀಟರಿನ ದಾರಿಗೆ ೧೨೦ ಮೆಶ್‌ನ, ಎಂದರೆ ಸುಮಾರು ೧೩೦ ಮೈಕ್ರಾನಿನ ಶೋಧಕವು ವಾಡಿಕೆಗೆ ಬಂದಿತು. ೧೯೭೯ರಲ್ಲಿ ಅಮೆರಿಕದ ಅರಿಜೋನಾದ ಬಕ್ಸ್, ನಕಯಾಮ, ಗಿಲ್ಬರ್ಟ್ ಎಂಬ ವಿಜ್ಞಾನಿಗಳು ಡ್ರಿಪ್ಪರುಗಳು ಕಟ್ಟಿಕೊಳ್ಳುವುದಕ್ಕೆ ಭೌತಿಕ, ರಾಸಾಯನಿಕ, ಜೈವಿಕ ಎಂಬ ಮೂರು ಬಗೆಯ ಕಾರಣಗಳನ್ನು ವಿಂಗಡಿಸಿ ಮೇರೆಗಳನ್ನು ಗೊತ್ತುಪಡಿಸಿದರು; ಲೀಟರಿಗೆ ೧೦೦ ಮಿಲಿಗ್ರಾಮಿಗಿಂತ ಅಧಿಕವಾಗಿ ಕೆಸರು ತೇಲುವ ನೀರು, ೧.೫ ಮಿಲಿಗ್ರಾಮಿಗಿಂತ ಅಧಿಕವಾಗಿ ಕಬ್ಬಿಣವುಳ್ಳ ನೀರು ತೀವ್ರ ಅಪಾಯದ್ದೆಂದು ಆ ಲೆಕ್ಕ. ಈ ಮೂರರಲ್ಲಿ ಜಾಲರಿಯು ತಡೆಯಬಲ್ಲುದು ಮೊದಲನೆಯದನ್ನು ಮಾತ್ರ ಎಂಬ ವಿಷಯವನ್ನು ಅಂಗಡಿಯವರು ಗಿರಾಕಿಗಳಿಗೆ ಇನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ. ಕೋಲಾರದ ಕಡೆಯ ಆಳವಾದ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸುಣ್ಣವು ಕರಗಿಯೇ ಇರುತ್ತದೆ. ಶೋಧಕವನ್ನು ದಾಟಿ ಹೋಗಿ, ಬಿಸಿಲಿಗೆ ಕಾದ ಕೊಳವೆಯಲ್ಲಿ ಬಿಳಿಯ ಹರಳಾಗಿ ಕೂರುತ್ತದೆ. ಅದನ್ನು ಕರಗಿಸುವುದಕ್ಕೆ ಆಮ್ಲವೇ ಬೇಕು. ಕರಾವಳಿಯ ಮುರಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣವಿದ್ದರೆ, ಗಾಳಿ ಸೋಕಿದೊಡನೆ ಅದು ಕೆಂಪು ಕಸರಾಗುತ್ತದೆ. ತೊಟ್ಟಿಯಲ್ಲಿ ಗಾಳಿಯಾಡಿಸಿ ತಿಳಿಯಲು ಬಿಟ್ಟು, ಅನಂತರ ಸೋಸುವುದು ಲೇಸು.

ಭಾರತದಲ್ಲಿ ಹನಿ ನೀರಾವರಿಯು ಕೊಯಮತ್ತೂರಿನ ಕೃಷಿ ವಿದ್ಯಾಸಂಸ್ಥೆಯಲ್ಲಿ ೧೯೭೦ರ ಸುಮಾರಿಗೆ ಪ್ರಯೋಗದ ವಸ್ತುವಾಗಿ, ೧೯೮೦ರ ದಶಕದ ಕೊನೆಯಲ್ಲಿ ಜಳಗಾಂವಿನ ಕಾರ್ಖಾನೆಗಳ ಮೂಲಕ ಮಾರುಕಟ್ಟೆಯ ಸರಕಾಗಿ, ಕ್ರಮೇಣ ವಿಜಯಪುರದ ದ್ರಾಕ್ಷಿಗೂ ಕೋಲಾರದ ತರಕಾರಿಗೂ ರಾಮನಗರದ ಹಿಪ್ಪುನೇರಳೆಗೂ ಹಬ್ಬಿತು. ಹಿತ್ತಿಲಿಗೆ ಅದು ಬಂದುದು ತೀರ ಈಚೆಗೆ. ಮತ್ತು ಹಿತ್ತಿಲಿನ ಕಷ್ಟವು ಹೊಲದ ಕಷ್ಟಕ್ಕಿಂತ ಒಂದು ವಿಷಯದಲ್ಲಿ ಹೆಚ್ಚಿನದು. ಹೊಲದಲ್ಲಿ ಪಂಪಿನ ಒತ್ತಡವಿರುತ್ತದೆ. ಎರಡಂತಸ್ತಿನ ಮನೆಯ ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಆರೇಳು ಮೀಟರಿನ ಎತ್ತರವಷ್ಟೇ ಬಲ. ಡ್ರಿಪ್ಪರುಗಳ ಅಳತೆಯಾದರೋ ಹತ್ತು ಮೀಟರಿಗೆ ಗೊತ್ತುಮಾಡಿದುದು. ಮಲಿನವಾದ ಶೋಧಕವೊಂದು ಆ ಆರೇಳರಲ್ಲಿ ಎರಡು ಮೂರು ಮೀಟರನ್ನು ತಾನೇ ನುಂಗಿಬಿಟ್ಟರೆ ಸಾಲಿನ ತುದಿಯ ಗಿಡಕ್ಕೆ ಹನಿಯೇ ತಲಪದು. ಆದಕಾರಣ, ಹಿತ್ತಿಲಿಗೆ ಅತಿ ಸೂಕ್ಷ್ಮವಾದ ಸಣ್ಣ ಜಾಲರಿಗಿಂತ, ತುಸು ದೊಡ್ಡದಾದ, ಹೆಚ್ಚು ಮೈಯುಳ್ಳ ಡಿಸ್ಕ್ ಫಿಲ್ಟರನ್ನು ಆರಿಸಿಕೊಳ್ಳುವುದೇ ವಿವೇಕವೆಂಬುದು ನನ್ನ ದೃಢವಾದ ಅಭಿಪ್ರಾಯ. ಟ್ಯಾಂಕಿನ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಕಪ್ಪು ಕೊಳವೆಯನ್ನೇ ಬಳಸಿದರೆ, ಬೆಳಕಿಲ್ಲದೆ ಪಾಚಿಯು ಹುಟ್ಟುವುದೇ ಇಲ್ಲ. ೨೦೦೯ರ ಕಾಯಿದೆಯಿಂದಾಗಿ ಬೆಂಗಳೂರಿನ ಬಹುಮಂದಿ ಗೃಹಸ್ಥರು ಮಳೆನೀರನ್ನು ಸಂಗ್ರಹಿಸತೊಡಗಿದ ಮೇಲೆ, ಗಡಸಿಲ್ಲದ ಆ ನೀರು ಡ್ರಿಪ್ಪರಿಗೆ ಹಿತವಾದುದೆಂಬುದು ಅನುಭವಕ್ಕೆ ಬಂದಿದೆ; ಮೊದಲ ಮಳೆಯು ಮಾಳಿಗೆಯಿಂದ ತೊಳೆದು ತರುವ ಧೂಳು, ಎಲೆ, ಹಕ್ಕಿಯ ಮಲಗಳನ್ನು ಬೇರೆಯಾಗಿ ಹರಿಯಬಿಟ್ಟು, ಉಳಿದುದನ್ನು ಜಲ್ಲಿ ಮರಳುಗಳ ಪೀಪಾಯಿಯಲ್ಲಿ ಹಾಯಿಸಿ ನೆಲದಡಿಯ ತೊಟ್ಟಿಗೆ ಇಳಿಸಿದರಾಯಿತು.

ಶೋಧಕದ ಹಿಂದೊಂದು ಮುಂದೊಂದು ಒತ್ತಡದ ಮಾಪಕವನ್ನು ಕೂರಿಸಿ, ಎರಡರ ಅಂತರವು ಏರಿದಾಗ ತೊಳೆಯುವುದು ದೊಡ್ಡ ತೋಟಗಳ ಪದ್ಧತಿ. ಮನೆಯಲ್ಲಿ ಅಷ್ಟೆಲ್ಲ ಬೇಕಿಲ್ಲ. ವಾರಕ್ಕೊಮ್ಮೆ ಬಿಲ್ಲೆಗಳನ್ನು ಬಿಡಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತಿಂಗಳಿಗೊಮ್ಮೆ ಪ್ರತಿ ಸಾಲಿನ ಕೊಳವೆಯ ತುದಿಯ ಮುಚ್ಚಳವನ್ನು ತೆಗೆದು ತಿಳಿನೀರು ಬರುವವರೆಗೆ ಹರಿಯಬಿಟ್ಟರೆ ಸಾಕು. ಹಾಗೆ ತೊಳೆದ ಕೆಸರುನೀರನ್ನು ಬಚ್ಚಲಿಗೆ ಚೆಲ್ಲದೆ ಒಂದು ಬಕೆಟ್ಟಿನಲ್ಲಿ ಹಿಡಿದು ಬಾಳೆಯ ಬುಡಕ್ಕೆ ಹಾಕುವ ಮನೆಗಳನ್ನು ನಾನು ಕಂಡಿದ್ದೇನೆ. ಆ ನುಣ್ಣನೆಯ ಮಣ್ಣೂ ಪಾಚಿಯೂ ಕೊಳವೆಗೆ ಮಾತ್ರ ಬೇಡವಾದುವು, ಬಾಳೆಗೆ ಬೇಕಾದುವು.